ಬರಗೇರಮ್ಮನ ಒಂದು ಸುಳ್ಳು

ನಮ್ಮೂರಿನಲ್ಲಿ ಯಾವ ಮಾತು ನಿಜ, ಯಾವುದು ಸುಳ್ಳು ಎಂದು ಅನುಮಾನ ಬಂದರೆ ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಬರಗೇರಮ್ಮ ಏನಂದ್ಲು?" ಅವಳು ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ಗಂಡು ನೋಡಲು ಬಂದವರು ಹುಡುಗನ ಅಪ್ಪನ ಮಾತನ್ನು ಬದಿಗಿಟ್ಟು, ಗೊಲ್ಲರಹಟ್ಟಿಯ ಬರಗೇರಮ್ಮನ ಬಾಗಿಲಿಗೆ ಹೋಗಿ ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಕೇಳಿಕೊಂಡು ಹೋದದ್ದುಂಟು. ಹಾಗೆ ಮುರಿದ ಸಂಬಂಧಗಳಲ್ಲಿ ನನ್ನ ತಮ್ಮನ ಮಗನದೂ ಒಂದು. ಅವನು ಕುಡಿಯುತ್ತಿದ್ದದ್ದು ನಿಜ. ಆದರೂ ಅವಳು ಒಂದಿಷ್ಟು ನೀರು ಬೆರೆಸಿ ಹೇಳಬಹುದಿತ್ತು ಎಂದು ನನಗೆ ಈಗಲೂ ಸಿಟ್ಟಿದೆ.

ನಾನು ಕಲ್ಲೇಶ. ಮಾಡದಕೆರೆಯಿಂದ ಒಳಕ್ಕೆ ಹೋದರೆ ಸಿಗುವ ಊರಿನಲ್ಲಿ ತೆಂಗು, ರಾಗಿ ನೋಡಿಕೊಂಡು ಇರುವವನು. ಊರಿಗೆ ಅಂಟಿಕೊಂಡೇ ಗೊಲ್ಲರಹಟ್ಟಿ ಇದೆ. ಬರಗೇರಮ್ಮನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಆ ಬದುವಿನ ಮೇಲಿನ ಬೇವಿನ ಮರ ಯಾರದು ಎಂಬ ಜಗಳ ನಮ್ಮ ಅಪ್ಪಂದಿರ ಕಾಲದಿಂದ ನಡೆಯುತ್ತಿದೆ. ಊರೆಲ್ಲ ಅವಳ ಮಾತನ್ನು ಒಪ್ಪುತ್ತದೆ. ಆ ಮರದ ವಿಷಯದಲ್ಲಿ ನಾನು ಒಪ್ಪಿಲ್ಲ, ಒಪ್ಪುವವನೂ ಅಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಹೊಗಳಲು ಕೂತಿದ್ದೇನೆ ಎಂದು ಯಾರೂ ತಿಳಿಯಬಾರದು.

ಹಟ್ಟಿಯ ಹಿಂದೆ ದೇವರ ಕಾವಲು ಇದೆ. ಗೊಲ್ಲರ ದೇವರು ಜುಂಜಪ್ಪನ ಹೆಸರಿನ ಹುಲ್ಲುಗಾವಲು. ಅಲ್ಲಿ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಯಂತ್ರ ಇಳಿಸುವಂತಿಲ್ಲ, ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ. ದೇವರಿಗೆ ಬಿಟ್ಟ ಎತ್ತು ಸತ್ತಾಗ ಮಾತ್ರ ಅಲ್ಲಿ ಗುಂಡಿ ತೋಡುತ್ತಾರೆ. ಅಂಥ ಎತ್ತಿಗೆ ಬದುಕಿದ್ದಾಗ ನೊಗ ಇಲ್ಲ, ಮಾರಾಟ ಇಲ್ಲ. ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ, ಹಟ್ಟಿಗೆ ಹಟ್ಟಿಯೇ ಬರುತ್ತದೆ. ಉಳಿದ ದನ ಸತ್ತರೆ ಕಾವಲಿನ ಅಂಚಿನ ಹಳ್ಳಕ್ಕೆ. ಹಳ್ಳದ ಮೇಲೆ ನಿಂತಿರುವುದೇ ಹದ್ದಿನ ಬಂಡೆ.

ಹಿಂದೆ ಆ ಬಂಡೆಯ ತುಂಬ ರಣಹದ್ದುಗಳಿದ್ದವು. ಬೆಳಿಗ್ಗೆ ದನ ತಂದು ಹಾಕಿದರೆ ಸಂಜೆಗೆ ಬಿಳಿ ಮೂಳೆ ಮಾತ್ರ. ನೋಡಲು ಅಸಹ್ಯ, ಆದರೆ ಊರಿಗೆ ನಾತ ಬರುತ್ತಿರಲಿಲ್ಲ. ಆಮೇಲೆ ಅವು ಕಡಿಮೆಯಾಗುತ್ತ ಹೋಗಿ ಇಲ್ಲವೇ ಇಲ್ಲವಾದವು. ಯಾರೂ ಅಳಲಿಲ್ಲ. ಹದ್ದಿಗೆ ಅಳುವವರು ಯಾರು? ದನಗಳು ಹಳ್ಳದಲ್ಲಿ ಕೊಳೆಯತೊಡಗಿದವು, ನಾಯಿಗಳು ಬಂದವು. ಹಿಂಡು ಕಟ್ಟಿಕೊಂಡು ಮೊದಲು ಸತ್ತದ್ದನ್ನು ತಿಂದವು. ಅದು ಸಾಲದೆ ಕುರಿಮರಿಗಳ ಮೇಲೆ ಬಿದ್ದವು. ಅಂಥದೊಂದು ನಾಯಿ ಬರಗೇರಮ್ಮನ ಗಂಡ ತಿಮ್ಮರಾಯಪ್ಪನ ಮೊಣಕಾಲಿನ ಕೆಳಗೆ ಕಚ್ಚಿತು. ಮರಿಯನ್ನು ಬಿಡಿಸಿಕೊಂಡೆನಲ್ಲ ಎಂಬ ಖುಷಿಯಲ್ಲಿ ಅವನು ಗಾಯಕ್ಕೆ ಸುಣ್ಣ ಹಚ್ಚಿಕೊಂಡು ಸುಮ್ಮನಾದ. ಕೆಲವು ವಾರ ಕಳೆದ ಮೇಲೆ ನೀರಿನ ಚೆಂಬು ಕಂಡರೆ ಕಿರುಚತೊಡಗಿದ. ಅವನನ್ನು ಚಿತ್ರದುರ್ಗಕ್ಕೆ ಒಯ್ದ ಜೀಪಿನಲ್ಲಿ ಅವನ ಕೈ ಹಿಡಿದು ಕೂತವನು ನಾನು. ಆ ದಾರಿಯನ್ನು ನಾನು ಬರೆಯಲಾರೆ.

ಅವನು ಹೋಗಿ ಬಹಳ ವರ್ಷಗಳಾದ ಮೇಲೆ ಹಿರಿಯೂರಿನಲ್ಲಿ ಕುರಿ ಸಾಕುವವರಿಗಾಗಿ ಒಂದು ಸಭೆ ನಡೆಯಿತು. ನಮ್ಮ ಕಡೆಯ ಫಾರೆಸ್ಟ್ ವಾಚರ್ ಹನುಮೇಶ್ ಬರಗೇರಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿ ಮಾತಾಡಿದವರು ವಿಷಯವನ್ನು ಬಿಡಿಸಿ ಹೇಳಿದರು. ದನಕ್ಕೆ ನೋವು ಬಂದರೆ ಡೈಕ್ಲೋಫೆನಾಕ್ ಎಂಬ ಇಂಜೆಕ್ಷನ್ ಕೊಡುತ್ತಿದ್ದರು. ಆ ದನ ಸತ್ತರೆ ಔಷಧಿ ಮಾಂಸದಲ್ಲೇ ಉಳಿಯುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. ಹದ್ದು ಹೋದ ಕಡೆ ನಾಯಿ ಹೆಚ್ಚುತ್ತವೆ, ನಾಯಿ ಹೆಚ್ಚಿದ ಕಡೆ ಹುಚ್ಚುನಾಯಿ ಕಡಿತವೂ ಹೆಚ್ಚುತ್ತದೆ. ಇಷ್ಟು ಕೇಳಿದವಳೇ ಬರಗೇರಮ್ಮ ಎದ್ದು ಹೊರಗೆ ಹೋದಳು. ನಾವು ಹೋಗಿ ನೋಡಿದರೆ ಹುಣಸೆಮರದ ಬುಡದಲ್ಲಿ ಕೂತಿದ್ದಳು.

"ನನ್ ಗಂಡನ್ನ ನಾಯಿ ಕೊಲ್ಲಲಿಲ್ಲ ಕಣ್ರಪ್ಪ," ಅಂದಳು. "ನಮ್ ದನಕ್ಕೆ ನಾವೇ ಚುಚ್ಚಿಸಿದ್ ಸೂಜಿ ಕೊಲ್ತು."

ಆ ದಿನದಿಂದ ಅವಳಿಗೆ ಒಂದು ಹಟ ಹಿಡಿಯಿತು. ಸುತ್ತಮುತ್ತಲ ಯಾವ ಹಟ್ಟಿಯಲ್ಲಿ ದನ ಸತ್ತರೂ ಅವಳಿಗೆ ಸುದ್ದಿ ಹೋಗಬೇಕು. ಹೋಗಿ ನಿಂತು, ಏನು ಚುಚ್ಚಿಸಿದಿರಿ, ಯಾರು ಚುಚ್ಚಿದರು ಎಂದು ಕೇಳುತ್ತಾಳೆ. ಏನೂ ಚುಚ್ಚಿಸದಿದ್ದರೆ ಹಳ್ಳಕ್ಕೆ, ಒಂಚೂರು ಅನುಮಾನ ಬಂದರೂ ಅವರವರ ಹೊಲದಲ್ಲಿ ಜೆಸಿಬಿ ತರಿಸಿ ಗುಂಡಿಗೆ. ಜನ ಗೊಣಗಿದರು. ಇಲ್ಲದ ಹದ್ದಿಗೆ ಇಷ್ಟು ಮಡಿಯೇ ಎಂದು ನಾನೇ ನಕ್ಕಿದ್ದೆ. ಅವಳ ಮಗ ಓಬಳೇಶನಂತೂ ಅಮ್ಮನಿಗೆ ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಸರಿಟ್ಟಿದ್ದ. ಅವಳು ಮಾತ್ರ ಬಿಡಲಿಲ್ಲ.

ಹೋದ ವರ್ಷ ಚಳಿ ಶುರುವಾದಾಗ ಒಂದು ಹದ್ದು ಬಂತು.

ಒಂದೇ ಒಂದು. ಇನ್ನೂ ಎಳೆಯದು. ಬೆನ್ನಿನ ಮೇಲೆ ಬೆಂಕಿಪೊಟ್ಟಣದಂಥ ಏನನ್ನೋ ಕಟ್ಟಿದ್ದರು. ಅದು ಬಂಡೆಯ ಮೇಲೆ ಇಳಿದ ಮರುದಿನವೇ ಹನುಮೇಶ್ ಬೈಕಿನಲ್ಲಿ ಓಡಿಬಂದ. ಮೇಲಿನವರಿಂದ ಅವನಿಗೆ ಫೋನ್ ಬಂದಿತ್ತು. ಆ ಮೇಲಿನವರಿಗೆ ನೇಪಾಳದಿಂದ ಬಂದಿತ್ತು. ಹಕ್ಕಿ ನೇಪಾಳದಲ್ಲಿ ಸಾಕಿ ಬಿಟ್ಟದ್ದಂತೆ. ಅದು ಎಲ್ಲಿ ಕೂತಿತು, ಎಲ್ಲಿ ಮಲಗಿತು ಎಂಬುದೆಲ್ಲ ಅಲ್ಲಿ ಶಾಂತಿ ಎಂಬ ಹೆಣ್ಣುಮಗಳಿಗೆ ಕಂಪ್ಯೂಟರಿನಲ್ಲಿ ಕಾಣುತ್ತದಂತೆ.

ನನಗೆ ಆಶ್ಚರ್ಯವಾದದ್ದು ಹಕ್ಕಿಯಿಂದಲ್ಲ. ಭಾರತ, ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶ, ಈ ನಾಲ್ಕೂ ದೇಶಗಳು ದನಕ್ಕೆ ಆ ಸೂಜಿ ಕೂಡದು ಎಂದು ಕಾನೂನು ಮಾಡಿವೆ ಎಂದು ಹನುಮೇಶ್ ಹೇಳಿದ. ಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು, ನದಿ ನೀರಿಗೆ ಕಿತ್ತಾಡುವವರು, ಒಂದು ಹದ್ದಿನ ವಿಷಯದಲ್ಲಿ ಒಂದೇ ಮಾತಿಗೆ ಬಂದಿದ್ದಾರೆ. ಹದ್ದಿಗೆ ಪಾಸ್‌ಪೋರ್ಟ್ ಇಲ್ಲವಲ್ಲ, ಒಬ್ಬ ಕೊಡುವುದಿಲ್ಲ ಅಂದು ಪಕ್ಕದವನು ಕೊಟ್ಟರೆ ಎಲ್ಲರದೂ ವ್ಯರ್ಥ. ನಾನೂ ಬರಗೇರಮ್ಮನೂ ಒಂದು ಬೇವಿನ ಮರಕ್ಕೆ ಎರಡು ತಲೆಮಾರು ಕಳೆದಿದ್ದೇವೆ. ಕೇಳಿ ನಾಚಿಕೆಯಾಯಿತು, ಆದರೆ ಮರ ಬಿಟ್ಟುಕೊಡುವಷ್ಟಲ್ಲ.

ಒಮ್ಮೆ ಹನುಮೇಶನ ಫೋನಿನಲ್ಲಿ ಶಾಂತಿ ಕಾಣಿಸಿಕೊಂಡಳು. ಮೂವತ್ತರ ಆಸುಪಾಸಿನ, ದುಂಡು ಮುಖದ ಹುಡುಗಿ. ಅವಳದು ಹಿಂದಿ, ಬರಗೇರಮ್ಮನದು ಕನ್ನಡ, ನಡುವೆ ಲಾರಿ ಡ್ರೈವರುಗಳ ಹತ್ತಿರ ಹಿಂದಿ ಕಲಿತ ಹನುಮೇಶ್. ಈ ಹಕ್ಕಿಯ ಜೊತೆ ಇನ್ನೊಂದನ್ನು ಬಿಟ್ಟಿದ್ದರಂತೆ. ಅದು ಬೇರೆ ದಿಕ್ಕಿಗೆ ಹಾರಿ, ಎಲ್ಲೋ ಸೂಜಿ ಚುಚ್ಚಿದ ಎಮ್ಮೆ ತಿಂದು ಸತ್ತಿತಂತೆ. ಯಾವ ದೇಶದಲ್ಲಿ ಎಂದು ನಾನು ನಡುವೆ ಬಾಯಿ ಹಾಕಿ ಕೇಳಿದೆ. ಶಾಂತಿ ಹೇಳಲಿಲ್ಲ. ಹೇಳಿದರೆ ಜಗಳ ಶುರುವಾಗುತ್ತದೆ, ಜಗಳ ಶುರುವಾದರೆ ಮುಂದಿನ ಸಲ ಅಲ್ಲಿಯವರು ನನಗೆ ಸುದ್ದಿ ಕೊಡುವುದಿಲ್ಲ ಅಂದಳು. ಬುದ್ಧಿವಂತೆ.

ಆಮೇಲೆ ಅವಳು ಬರಗೇರಮ್ಮನನ್ನೇ ಕೇಳಿದಳು, ನಿಮ್ಮ ಊರಿನಲ್ಲಿ ಇದು ಉಳಿಯುತ್ತದೆಯೇ ಎಂದು.

"ನಮ್ ಹಳ್ಳದಾಗೆ ಇದಕ್ಕೆ ವಿಷ ಬೀಳಲ್ಲ ಅಂತ ಹೇಳಪ್ಪ," ಅಂದಳು ಬರಗೇರಮ್ಮ. "ನಾನು ಮಾತು ಕೊಟ್ಟೀನಿ ಅಂತ ಹೇಳು."

ಹನುಮೇಶ್ ಹೇಳಿದ. ಅತ್ತ ಆ ಹುಡುಗಿ ಕೈ ಮುಗಿದಳು.

ಮಾಗಿ ಉಳುಮೆ ನಡೆದಿತ್ತು. ಬರಗೇರಮ್ಮನ ಜೋಡಿ ಎತ್ತುಗಳಲ್ಲಿ ಬಲಗಡೆಯದಕ್ಕೆ ಮುಂಗಾಲು ಊದಿಕೊಂಡಿತು. ಉಳುಮೆ ಅರ್ಧಕ್ಕೆ ನಿಂತಿತು. ಅವಳು ಬಿಸಿನೀರಿನ ಶಾಖ ಕೊಟ್ಟಳು, ಎಲೆ ಅರೆದು ಕಟ್ಟಿದಳು. ಅವಳು ಕುರಿ ಹೊಡೆದುಕೊಂಡು ಹೋದಾಗ ಓಬಳೇಶ ಇನ್ನೊಂದು ಕೆಲಸ ಮಾಡಿದ. ಹೊಸದುರ್ಗದ ಕಡೆಯಿಂದ ಸೈಕಲ್ಲಿನಲ್ಲಿ ಬ್ಯಾಗು ನೇತುಹಾಕಿಕೊಂಡು ಬರುವ ಒಬ್ಬ ನಾಟಿ ಡಾಕ್ಟರನನ್ನು ಕರೆಸಿ ಎತ್ತಿಗೆ ಸೂಜಿ ಹಾಕಿಸಿದ. ಅದು ಮನುಷ್ಯರ ನೋವಿಗೆ ಕೊಡುವ ಔಷಧಿ. ಅದೇ ಔಷಧಿ. ಗೊತ್ತಿಲ್ಲದೆ ಮಾಡಿದ್ದಲ್ಲ. ಎತ್ತು ಬದುಕಿದರೆ ಹದ್ದಿಗೇನಾಗುತ್ತದೆ, ಬದುಕಿಯೇ ಬದುಕುತ್ತದೆ ಎಂದು ಅವನ ಲೆಕ್ಕ. ನೋವಿನಿಂದ ನರಳುವ ಎತ್ತನ್ನು ನೋಡಲಾಗದೆ ಮಾಡಿದೆ ಎಂದು ಆಮೇಲೆ ಅತ್ತ. ಅದನ್ನೂ ನಾನು ಸುಳ್ಳು ಅನ್ನುವುದಿಲ್ಲ.

ಸೂಜಿ ಹಾಕಿಸಿದ ಎರಡನೆಯ ದಿನ ಸಂಜೆ ಹಟ್ಟಿಯ ಯಜಮಾನ ಬೋರಯ್ಯನೂ ನಾನೂ ಬರಗೇರಮ್ಮನ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಿದ್ದೆವು. ಎತ್ತು ಸ್ವಲ್ಪ ಗೆಲುವಾಗಿತ್ತು. ಇದೇ ಹೀಗೆ ವಾಸಿಯಾದರೆ ಸೋಮವಾರದಿಂದ ಹೂಡಬೇಕು ಎಂದು ಅವಳು ನಮ್ಮೆದುರಿಗೇ ಅಂದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಳಲ್ಕೆರೆಗೆ ಹೊರಟಳು. ಅಲ್ಲಿ ಅವಳ ಮಗಳು ಕಾವ್ಯಶ್ರೀಯನ್ನು ಕೊಟ್ಟಿದ್ದಾರೆ; ಮೊಮ್ಮಗುವಿಗೆ ಜ್ವರ ಎಂದು ಫೋನ್ ಬಂದಿತ್ತು. ಅವಳು ಹೋದ ಸ್ವಲ್ಪ ಹೊತ್ತಿಗೆ ಎತ್ತಿನ ಉಸಿರು ಕೆಟ್ಟಿತು. ಓಬಳೇಶ ಪಶುವೈದ್ಯರನ್ನು ಕರೆತರಲು ಬೈಕ್ ಹತ್ತಿದ. ಅವನು ಹಿಂತಿರುಗುವ ಮೊದಲೇ ಎತ್ತು ಸತ್ತಿತು.

ಈಗ ನಾವು ಮಾಡಿದ ಕೆಲಸ ಕೇಳಿ. ಮನೆಯಲ್ಲಿ ಯಾರೂ ಇಲ್ಲ, ಬಿಸಿಲು ಏರುತ್ತಿದೆ, ಪಾಪ ಹೆಂಗಸು ಬಂದು ನೋಡಿ ಅಳುವುದು ಬೇಡ ಎಂದು ನಾವು ಎಂಟ್ಹತ್ತು ಜನ ಸೇರಿ ಎತ್ತಿಗೆ ಹಗ್ಗ ಹಾಕಿ ಹಳ್ಳಕ್ಕೆ ಎಳೆದೆವು. ಏನು ಚುಚ್ಚಿಸಿದ್ದರು ಎಂದು ಒಬ್ಬನೂ ಕೇಳಲಿಲ್ಲ. ಬೇರೆ ಯಾರ ಮನೆಯ ದನವಾಗಿದ್ದರೂ ಕೇಳುತ್ತಿದ್ದೆವು. ಬರಗೇರಮ್ಮನ ಮನೆಯ ಎತ್ತಿಗೆ ಆ ಸೂಜಿ ಯಾರು ಹಾಕಿಸುತ್ತಾರೆ? ಹದ್ದಿಗೆ ಹಬ್ಬ ಎಂದು ಒಬ್ಬ ತಮಾಷೆ ಬೇರೆ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದದ್ದು ನಮಗೆ ಗೊತ್ತಿರಲಿಲ್ಲ. ಕೊನೆಯ ಇಳಿಜಾರಿನಲ್ಲಿ ಎತ್ತು ತಾನಾಗಿಯೇ ಜಾರಿ ಬಂಡೆಗಳ ನಡುವೆ ಹೋಗಿ ಬಿತ್ತು. ನಾವು ಕೈಕಾಲು ತೊಳೆದು ಮನೆಗೆ ಬಂದೆವು.

ವೈದ್ಯರು ಸಿಗದೆ ಓಬಳೇಶ ಒಬ್ಬನೇ ಬಂದು, ಕೊಟ್ಟಿಗೆಯಲ್ಲಿ ಒಂದೇ ಎತ್ತು ಇರುವುದನ್ನು ನೋಡಿದ. "ಎಲ್ಲಿ?" ಅಂದ. ಹಳ್ಳಕ್ಕೆ ಹಾಕಿದೆವು ಅಂದೆ. ಅವನು ಅಲ್ಲಿಯೇ ಕೂತು ಎಲ್ಲವನ್ನೂ ಹೇಳಿದ.

ನನಗೆ ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಅಷ್ಟರಲ್ಲಿ ಮಾಡದಕೆರೆ ಕಡೆಯಿಂದ ಬಸ್ಸು ಬಂತು, ಬರಗೇರಮ್ಮ ಕೈಚೀಲ ಹಿಡಿದು ಇಳಿದಳು. ಓಬಳೇಶ ಹೋಗಿ ಅಮ್ಮನ ಕಾಲು ಹಿಡಿದುಕೊಂಡ. ಅವಳು "ಹದ್ದು ಎಲ್ಲೈತೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾವಲಿನ ಕಡೆ ಓಡತೊಡಗಿದಳು. ಅರವತ್ತು ಹತ್ತಿರವಾದ ಹೆಂಗಸು ಹಾಗೆ ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ನಾನು ಚಪ್ಪಲಿ ಕಾವಲಿನ ಅಂಚಿಗೆ ಎಸೆದು ಹಿಂದೆ ಓಡಿದೆ.

ಹದ್ದು ಬಂಡೆಯ ಮೇಲಿತ್ತು. ಕಾಗೆಗಳು ಆಗಲೇ ಎತ್ತಿನ ಕಣ್ಣಿಗೆ ಬಾಯಿ ಹಾಕಿದ್ದವು. ಹದ್ದಿಗೆ ಆತುರವಿಲ್ಲ, ಅದು ಮೊದಲು ನೋಡುತ್ತದೆ, ಕಾಯುತ್ತದೆ. ಬರಗೇರಮ್ಮ ಹಳ್ಳಕ್ಕೆ ಇಳಿದು ಒಣಗಿದ ಕೊಂಬೆ ಹಿಡಿದು ಎತ್ತಿನ ಪಕ್ಕ ನಿಂತಳು. ಕಾಗೆಗಳನ್ನು ಓಡಿಸಿದಳು. ಹದ್ದು ರೆಕ್ಕೆ ಬಿಚ್ಚಿ ಒಂದು ಸುತ್ತು ಹಾರಿ, ಮೊದಲಿಗಿಂತ ಕೆಳಗಿನ ಕಲ್ಲಿನ ಮೇಲೆ ಕೂತಿತು.

ಹನುಮೇಶ್ ಬಂದ. ಅವನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹಕ್ಕಿ ಬಹಳ ಹೊತ್ತಿನಿಂದ ಒಂದೇ ಕಡೆ, ನೆಲದ ಹತ್ತಿರ ಇರುವುದು ಶಾಂತಿಗೆ ಅಲ್ಲಿ ಕಂಡಿತ್ತು. ಅದು ಈ ವಾರ ಎಲ್ಲಿಯೂ ತಿಂದ ಹಾಗೆ ಕಾಣುವುದಿಲ್ಲ, ತುಂಬ ಹಸಿದಿರುತ್ತದೆ, ಏನಾಗಿದೆ ಎಂದು ಕೇಳುತ್ತಿದ್ದಳು. ಹನುಮೇಶ್ ಬರಗೇರಮ್ಮನ ಮುಖ ನೋಡಿದ.

"ಇದ್ದದ್ದನ್ನ ಇದ್ದಂಗೆ ಹೇಳು," ಅಂದಳು. "ನಮ್ ಮನೆ ಎತ್ತು, ನಮ್ ಮನೇಲೇ ತಪ್ಪಾಗೈತೆ ಅಂತ ಹೇಳು."

ಅವನು ಹೇಳಿದ. ಶಾಂತಿ ಅಂದದ್ದು ಇಷ್ಟು. ಅದು ತಿನ್ನಬಾರದು, ಸ್ವಲ್ಪವೂ ತಿನ್ನಬಾರದು, ದಯವಿಟ್ಟು ಹೂತುಬಿಡಿ.

ಹೂಳುವುದು ಎಲ್ಲಿ? ಎತ್ತನ್ನು ಮೇಲಕ್ಕೆ ಎಳೆಯಲು ಹಟ್ಟಿಯ ಗಂಡಸರೆಲ್ಲ ಹಗ್ಗ ಹಿಡಿದೆವು. ಇಳಿಸುವುದು ಸುಲಭವಾಗಿತ್ತು, ಹತ್ತಿಸುವುದು ಆಗದ ಮಾತು. ಕೊಂಬು ಕಲ್ಲಿಗೆ ಸಿಕ್ಕಿ ಹಗ್ಗ ಕಿತ್ತುಹೋಯಿತು. ಸುಡೋಣವೆಂದರೆ ಸುತ್ತ ಒಣಹುಲ್ಲು, ಒಂದು ಕಿಡಿ ಹಾರಿದರೆ ಕಾವಲೇ ಹೋಗುತ್ತದೆ. ಮುಳ್ಳು ಹಾಕಿ ಮುಚ್ಚಿದರೆ ನಾಯಿ ಎಳೆದು ಬಿಚ್ಚುತ್ತವೆ. ಉಳಿದದ್ದು ಒಂದೇ ದಾರಿ, ಎತ್ತು ಬಿದ್ದಲ್ಲಿಯೇ ಪಕ್ಕಕ್ಕೆ ಗುಂಡಿ ತೋಡಿ ಉರುಳಿಸುವುದು. ಆದರೆ ಹಳ್ಳವೂ ದೇವರ ಕಾವಲಿನ ನೆಲವೇ.

ಬೋರಯ್ಯ ಕೋಲೂರಿಕೊಂಡು ಅಂಚಿನಲ್ಲಿ ನಿಂತಿದ್ದ. ಓಬಳೇಶ ಹಾರೆ ಎತ್ತಿದ್ದೇ ತಡ, "ಲೇ, ಕೆಳಗಿಡು!" ಅಂದ. "ಇಲ್ಲಿ ಹಾರೆ ಬೀಳೋದು ದೇವರೆತ್ತಿಗೆ ಮಾತ್ರ. ನಮ್ಮಪ್ಪ ಮುರೀಲಿಲ್ಲ, ಅವರಪ್ಪ ಮುರೀಲಿಲ್ಲ. ನಾನು ಮುರಿಯಾಕಿಲ್ಲ."

"ಬೋರಣ್ಣ, ಹಕ್ಕಿ ಸಾಯ್ತೈತೆ," ಅಂದಳು ಬರಗೇರಮ್ಮ.

"ನಂಗೂ ಕಣ್ಣೈತೆ ತಾಯಿ. ಇವತ್ತು ಹಕ್ಕಿಗೆ ಅಂತ ಅಗಿಯಾಣ. ನಾಳೆ ಇನ್ನೊಬ್ಬ ಬಂದು ಬೋರಿಗೆ ಅಂತಾನೆ, ನಾಡಿದ್ದು ಒಬ್ಬ ಗರಸು ತುಂಬಾಕೆ ಅಂತಾನೆ. ಆಮೇಲೆ ಕಾವಲು ಎಲ್ಲಿರ್ತೈತೆ, ಹೇಳು?"

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸುತ್ತಲಿನ ಗೋಮಾಳಗಳೆಲ್ಲ ಹಾಗೆಯೇ ಹೋಗಿವೆ. ಉಳಿದಿರುವುದು ಈ ಕಾವಲೊಂದೇ, ಅದೂ ಈ ಹಟಮಾರಿ ಮುದುಕನಿಂದ. ಕಾವಲು ಇಲ್ಲದಿದ್ದರೆ ಹದ್ದಿಗೆ ಬಂಡೆಯೂ ಇಲ್ಲ. ಇಬ್ಬರದೂ ಸರಿ. ಇಬ್ಬರದೂ ಸರಿಯಿದ್ದಾಗ ಬಗೆಹರಿಸುವವರು ಯಾರು? ಬೇರೆ ದಿನವಾಗಿದ್ದರೆ ಬರಗೇರಮ್ಮನನ್ನೇ ಕೇಳಿ ಅನ್ನುತ್ತಿದ್ದೆವು.

ಹದ್ದು ಕಲ್ಲಿನಿಂದ ನೆಲಕ್ಕೆ ಇಳಿಯಿತು. ಕುಪ್ಪಳಿಸುತ್ತ ಎರಡು ಹೆಜ್ಜೆ ಬಂತು. ಬರಗೇರಮ್ಮ ಕೊಂಬೆ ಬೀಸಿದಳು. ಅದು ಹಿಂದೆ ಸರಿಯಿತೇ ಹೊರತು ಹಾರಲಿಲ್ಲ. ಹಸಿವು ಹೆದರಿಕೆಯನ್ನು ಮೀರಿತ್ತು. ಅತ್ತ ಕಡೆ ಹಳ್ಳದ ತಿರುವಿನಲ್ಲಿ ನಾಯಿಗಳು ಬಂದು ಕೂತಿದ್ದವು. ಇದೊಂದು ಹಕ್ಕಿಗೆ ನಾನು ಇಷ್ಟು ಹೆದರುತ್ತೇನೆ ಎಂದು ಯಾರಾದರೂ ಹಿಂದಿನ ದಿನ ಹೇಳಿದ್ದರೆ ನಗುತ್ತಿದ್ದೆ.

ಹನುಮೇಶ್ ಅವಳ ಹತ್ತಿರ ಹೋಗಿ ಮೆಲ್ಲಗೆ ಅಂದ. "ಅಮ್ಮ, ದೇವರಿಗೆ ಹರಕೆ ಕಟ್ಟಿದ್ದೆ ಅಂದುಬಿಡ್ರಿ. ನೀವು ಅಂದ್ರೆ ಯಾರೂ ಮರುಮಾತಾಡಲ್ಲ."

"ಬಾಯಿ ಮುಚ್ಚು," ಅಂದಳು. ಹಾಗೆ ಅವಳು ಅವನಿಗೆ ಎಂದೂ ಅಂದವಳಲ್ಲ. "ಜುಂಜಪ್ಪನ ಹೆಸರಾಗೆ ಸುಳ್ಳು ಹೇಳ್ಸಿ ಏನ್ ಮಾಡ್ಬೇಕಂತಿದೀಯ ನನ್ನ?"

ಅವನು ಹಿಂದೆ ಸರಿದ. ಅದೇ ಹೊತ್ತಿಗೆ ಹದ್ದು ಬದಿಯಿಂದ ಹಾರಿ ಬಂದು ಎತ್ತಿನ ಪಕ್ಕೆಯ ಮೇಲೆ ಕೂತಿತು. ಕತ್ತು ಬಗ್ಗಿಸಿತು. ಬರಗೇರಮ್ಮ ಕೊಂಬೆ ಎಸೆದು ಎರಡೂ ಕೈಯಿಂದ ಅದನ್ನು ನೂಕಿದಳು. ಅದು ರೆಕ್ಕೆ ಬಡಿದು ಅವಳ ಮುಂಗೈ ಕುಟುಕಿ ಹಾರಿತು. ಅವಳ ಕೈಯಿಂದ ರಕ್ತ ಇಳಿಯಿತು. ಅವಳು ಎತ್ತಿನ ಮೇಲೆ ಹಾಗೆಯೇ ಬಗ್ಗಿ ಸ್ವಲ್ಪ ಹೊತ್ತು ಇದ್ದಳು. ಅಳುತ್ತಿದ್ದಳೋ, ಎತ್ತಿಗೆ ಏನಾದರೂ ಹೇಳುತ್ತಿದ್ದಳೋ, ನನಗೆ ತಿಳಿಯಲಿಲ್ಲ. ಆಮೇಲೆ ನೆಟ್ಟಗೆ ನಿಂತು ಬೋರಯ್ಯನ ಕಡೆ ತಿರುಗಿದಳು.

"ಬೋರಣ್ಣ," ಅಂದಳು. "ಇದು ದೇವರ ಎತ್ತು. ನಾನು ಜುಂಜಪ್ಪಂಗೆ ಬಿಟ್ಟಿದ್ದೆ."

"ಯಾವಾಗ ಬಿಟ್ಟೆ?" ಅಂದ ಬೋರಯ್ಯ.

"ಕಾಲು ಊದ್ಕಂಡ ದಿನ."

ಹಿಂದಿನ ಸಂಜೆಯೇ ಜಗಲಿಯ ಮೇಲೆ, ಸೋಮವಾರದಿಂದ ಇದಕ್ಕೆ ನೊಗ ಹೂಡಬೇಕು ಎಂದು ಅವಳು ಅಂದದ್ದನ್ನು ಬೋರಯ್ಯ ಕೇಳಿದ್ದ. ನಾನೂ ಕೇಳಿದ್ದೆ. ದೇವರಿಗೆ ಬಿಟ್ಟ ಎತ್ತಿಗೆ ನೊಗದ ಮಾತನ್ನು ಹಟ್ಟಿಯ ಎಳೆಮಗುವೂ ಆಡುವುದಿಲ್ಲ. ಬೋರಯ್ಯ ಒಮ್ಮೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಒಂದು ಆಯುಷ್ಯವಿಡೀ ಕೂಡಿಸಿದ್ದನ್ನು ಆ ಹೆಂಗಸು ನಮ್ಮ ಕಣ್ಣೆದುರಿಗೇ ಒಡೆದುಕೊಂಡು ನಿಂತಿದ್ದಳು.

ಬೋರಯ್ಯ ತಲೆಯ ಟವೆಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡ.

"ಬರಗೇರಮ್ಮ ಅಂದ್ಮೇಲೆ ಮುಗೀತು," ಅಂದ. "ಕೊಡ್ರಲೇ ಹಾರೆ."

ಮೊದಲ ಪೆಟ್ಟು ಅವನೇ ಹಾಕಿದ. ಆಮೇಲೆ ಎಲ್ಲರೂ ಬಿದ್ದರು. ಆ ನೆಲ ನೆಲವಲ್ಲ, ಮೇಲೆ ಗರಸು, ಕೆಳಗೆ ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಅಂಗೈ ಬೊಬ್ಬೆ ಎದ್ದು ಒಡೆದವು. ಹೆಂಗಸರು ಪುಟ್ಟಿಯಲ್ಲಿ ಮಣ್ಣು ಹೊತ್ತರು. ನಾಯಿಗಳ ಕಡೆಗೆ ಇಬ್ಬರು ಕಲ್ಲು ಹಿಡಿದು ನಿಂತರು. ಬರಗೇರಮ್ಮ ಎತ್ತಿನ ಪಕ್ಕದಿಂದ ಕದಲಲಿಲ್ಲ. ಹದ್ದು ಬಂದಾಗಲೆಲ್ಲ ಸೆರಗು ಬೀಸುತ್ತಿದ್ದಳು, ಅದು ಹೋಗಿ ಮತ್ತೆ ಬರುತ್ತಿತ್ತು. ಶಾಂತಿ ಫೋನ್ ಇಡಲಿಲ್ಲ. ಹನುಮೇಶ್ ಅದನ್ನು ಕಲ್ಲಿಗೆ ಒರಗಿಸಿ ಇಟ್ಟು ತಾನೂ ಗುಂಡಿಗೆ ಇಳಿದ. ಯಾವುದೋ ಬೆಟ್ಟದ ದೇಶದ ಹುಡುಗಿ, ನಾವು ಮಣ್ಣು ಎತ್ತಿ ಹಾಕುವುದನ್ನು ನೋಡುತ್ತಿದ್ದಳು.

ನಡುವೆ ಪಕ್ಕದ ಹಟ್ಟಿಯ ರೇಣುಕಮ್ಮನಿಗೆ ಸುದ್ದಿ ಮುಟ್ಟಿತು. ಅವಳ ಒಂದು ಕುರಿ ಬೆಳಿಗ್ಗೆ ಮರಿ ಹಾಕಲಾಗದೆ ಸತ್ತಿತ್ತು. ಅದಕ್ಕೆ ಯಾವ ಸೂಜಿಯೂ ಬಿದ್ದಿರಲಿಲ್ಲ. ಅದನ್ನು ಹೆಗಲ ಮೇಲೆ ಹೊತ್ತು ತಂದು ಬಂಡೆಯ ಆಚೆ ಬದಿಗೆ ಹಾಕಿದಳು. ಬಿಸಿಲು ಇಳಿಯುವಾಗ ಹದ್ದು ಅದನ್ನು ಕಂಡು ಆ ಕಡೆ ಹೋಯಿತು. ಆಗ ನಾವೆಲ್ಲ ಹಾರೆ ಊರಿ ನಿಂತು ಒಮ್ಮೆ ಉಸಿರು ಬಿಟ್ಟೆವು.

ಎತ್ತನ್ನು ಗುಂಡಿಗೆ ಉರುಳಿಸುವ ಮೊದಲು ಬೋರಯ್ಯ ತಡೆದ. ದೇವರೆತ್ತು ಅಂದ ಮೇಲೆ ದೇವರೆತ್ತಿನ ಮರ್ಯಾದೆಯೇ ಆಗಬೇಕು. ಹಾಲು ತರಿಸಿದ, ಅರಿಶಿನ ತರಿಸಿದ. ಹೊಸ ಬಟ್ಟೆ ಬೇಕೆಂದಾಗ ಬರಗೇರಮ್ಮ ಕೈಚೀಲ ಬಿಚ್ಚಿದಳು. ಓಬಳೇಶನಿಗೆಂದು ಹೊಳಲ್ಕೆರೆಯಲ್ಲಿ ಅಳಿಯ ಕೊಟ್ಟ ಪಂಚೆ ಇತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನೇ ಹೊದಿಸಿದಳು. ಬೋರಯ್ಯ ಒಂದನ್ನೂ ಬಿಡದೆ ಎಲ್ಲ ಶಾಸ್ತ್ರ ಮಾಡಿದ, ಎಲ್ಲಿಯೂ ನಗಲಿಲ್ಲ, ಎಲ್ಲಿಯೂ ಅವಳ ಕಣ್ಣು ನೋಡಲಿಲ್ಲ. ಮಣ್ಣು ಮುಚ್ಚಿ ಮೇಲೆ ಚಪ್ಪಡಿ ಕಲ್ಲು ಎಳೆದೆವು.

ಹಿಂತಿರುಗುವಾಗ ಹನುಮೇಶ್ ಫೋನನ್ನು ಅವಳ ಮುಂದೆ ಹಿಡಿದ. ಶಾಂತಿ ಏನೋ ಹೇಳುತ್ತಿದ್ದಳು. ನಿಮ್ಮ ಉಪಕಾರ ಮರೆಯುವುದಿಲ್ಲ, ನಮ್ಮ ನಾಲ್ಕೂ ದೇಶದವರು ಸೇರುವ ಕಡೆ ನಿಮ್ಮ ಹೆಸರು ಹೇಳುತ್ತೇನೆ ಅನ್ನುತ್ತಿದ್ದಾಳೆ ಎಂದು ಹನುಮೇಶ್ ಹೇಳಿದ.

"ಬ್ಯಾಡ ಅನ್ನು," ಅಂದಳು ಬರಗೇರಮ್ಮ. "ಹೆಸರು ಹೇಳೋ ಅಂಥ ಕೆಲಸ ನಾನು ಇವತ್ತು ಮಾಡಿಲ್ಲ."

ಹನುಮೇಶ್ ಅದನ್ನು ಹಿಂದಿಯಲ್ಲಿ ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಅವಳ ಜೊತೆಗೇ ಮನೆತನಕ ಹೋದೆ. ಒಬ್ಬಳನ್ನೇ ಬಿಡಲು ಮನಸ್ಸು ಬರಲಿಲ್ಲ. ಉಳಿದ ಎತ್ತು ಕೊಟ್ಟಿಗೆಯಲ್ಲಿ ಜೊತೆಯದನ್ನು ಹುಡುಕಿ ಅಂಬಾ ಅನ್ನುತ್ತಿತ್ತು. ಅವಳೇ ಕರುವಿನಿಂದ ಸಾಕಿದ್ದು. ಅದರ ಗಂಗೆದೊಗಲನ್ನು ತುಂಬ ಹೊತ್ತು ನೀವಿದಳು. ಓಬಳೇಶ ಅಪರಾಧಿಯ ಹಾಗೆ ಬಾಗಿಲಲ್ಲಿ ನಿಂತಿದ್ದ.

"ನಾಳೆ ಬೆಳಿಗ್ಗೆ ಇದನ್ನ ಹೊಡ್ಕಂಡ್ ಹೋಗಿ ದೇವರ ದನದ ಜೊತೆ ಬಿಟ್ಟು ಬಾ," ಅಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. "ಯಾಕಮ್ಮ? ಅರ್ಧ ಹೊಲ ಇನ್ನೂ ಹಂಗೇ ಐತೆ. ಇದಕ್ಕೊಂದು ಜೊತೆ ಹುಡುಕಾಣ ಅಂತಿದ್ದೆ."

"ಜುಂಜಪ್ಪಂಗೆ ಎತ್ತು ಬಿಟ್ಟೀನಿ ಅಂತ ಅಷ್ಟು ಜನದ ಮುಂದೆ ಅಂದೆನಲ್ಲಪ್ಪ."

"ಅದು ಸುಳ್ಳಲ್ವೇನಮ್ಮ!"

"ಮಧ್ಯಾಹ್ನ ಸುಳ್ಳಾಗಿತ್ತು," ಅಂದಳು. "ನಾಳೆ ಹೊತ್ತಿಗೆ ಸುಳ್ಳಾಗಿರಬಾರದು."

ಬೆಳಿಗ್ಗೆ ನಾನು ತೋಟಕ್ಕೆ ಹೋಗುವಾಗ ಆ ಕೊಟ್ಟಿಗೆಯಲ್ಲಿ ಎರಡು ಗೂಟವೂ ಖಾಲಿ ಇದ್ದವು. ಬರಗೇರಮ್ಮ ಗುದ್ದಲಿ ಹೆಗಲಿಗೆ ಹಾಕಿಕೊಂಡು, ಉಳದೆ ಬಿಟ್ಟ ಹೊಲದ ಕಡೆ ಹೊರಟಿದ್ದಳು.